ಪಂಚಾಯಿತಿಗಳ ಹಳೆಯ ‘ನುಡಿ’ ಕಡತಗಳನ್ನು ಉಳಿಸಿ

ಮಾನ್ಯ ಸಂಪಾದಕರೇ,

ತಹಶೀಲ್ದಾರ್ ಕಚೇರಿಗಳ ರೆಕಾರ್ಡ್ ರೂಮ್‌ಗಳಲ್ಲಿರುವ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಆರಂಭವಾದಾಗ ನನ್ನಂಥವರಿಗೆ ಸಮಾಧಾನವಾಯಿತು. ಗೆದ್ದಲು ಹಿಡಿದ, ಮುಟ್ಟಿದರೆ ಪುಡಿಯಾಗುವ ಕಾಗದಗಳ ನಡುವೆ ಕೆಲಸ ಮಾಡಿದ ಯಾರೂ ಇದನ್ನು ಬೇಡ ಎನ್ನಲಾರರು. ಆದರೆ ಅದು ಕಂದಾಯ ಇಲಾಖೆಯ ಯೋಜನೆ. ಗ್ರಾಮ ಪಂಚಾಯಿತಿ, ಪುರಸಭೆಗಳ ನಡಾವಳಿ ಪುಸ್ತಕ, ತೆರಿಗೆ ರಿಜಿಸ್ಟರ್, ಕಟ್ಟಡ ಪರವಾನಗಿ ಕಡತಗಳ ಗತಿಯೇನು?

ಕಾಗದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕಂಪ್ಯೂಟರಿನಲ್ಲೇ ಹುಟ್ಟಿದ ದಾಖಲೆಗಳ ಸ್ಥಿತಿ. ಯಾವ ಕಂಪ್ಯೂಟರಿನಲ್ಲಾದರೂ ಕನ್ನಡವನ್ನು ಒಂದೇ ರೀತಿ ಓದಿಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್ ರೂಢಿಗೆ ಬರುವ ಮುನ್ನ ಠರಾವು, ನೋಟಿಸು, ಫಲಾನುಭವಿಗಳ ಪಟ್ಟಿಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆದವು. ಆ ಫಾಂಟ್‌ಗಳು ಕನ್ನಡ ಅಕ್ಷರಗಳ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹೆಸರು ಕೊಟ್ಟು ಹುಡುಕಿದರೂ ಸಿಗುವುದಿಲ್ಲ. ಕೊಪ್ಪಳ, ರಾಯಚೂರು ಸೀಮೆಯಲ್ಲಿ ನಿಜಾಮರ ಕಾಲದ ಉರ್ದು ದಾಖಲೆಯನ್ನು ಉರ್ದು ಬಲ್ಲ ಹಿರಿಯರು ಇಂದಿಗೂ ಓದಿ ಹೇಳುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಸಿಡಿಗೆ ಹಾಕಿಟ್ಟ ಠರಾವನ್ನು ಓದಿಸಲು ಯಾರ ಬಳಿ ಹೋಗಬೇಕು? ಈಗಿನ ಬಹುತೇಕ ಕಂಪ್ಯೂಟರ್‌ಗಳಲ್ಲಿ ಸಿಡಿ ಹಾಕುವ ಜಾಗವೂ ಇಲ್ಲ.

ಗ್ರಾಮ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ಆಸ್ತಿ ಸೇರಿಸುವಾಗ ತಕರಾರು ಎದ್ದರೆ ಇಂಥ ಹಳೆಯ ಠರಾವು, ತೆರಿಗೆ ದಾಖಲೆಗಳೇ ಆಧಾರ. ಅವು ಸಿಗದಿದ್ದರೆ ಅಲೆಯುವವರು ಬಡವರು. ದಾಖಲೆಗಳನ್ನು ವರ್ಗೀಕರಿಸಿ, ಸೂಚಿ ಮಾಡಿ ಇಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತದೆ. ವಿದ್ಯುನ್ಮಾನ ದಾಖಲೆ ಮುಂದೆಯೂ ಬಳಸಲು ಸಿಗುವಂತಿರಬೇಕು ಎಂಬುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಮು.

ಪರಿಹಾರ ದುಬಾರಿಯೇನಲ್ಲ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಬದಲಿಸುವಾಗ ಒತ್ತಕ್ಷರಗಳು ಕೆಡುವುದುಂಟು, ಆದ್ದರಿಂದ ಕನ್ನಡ ಬಲ್ಲ ಒಬ್ಬರು ಕೂತು ತಿದ್ದಲೇಬೇಕು; ಮೂಲ ಕಡತವನ್ನೂ ಅಳಿಸಬಾರದು. ತಿದ್ದಿದ ಪ್ರತಿಯನ್ನು ಫಾಂಟ್ ಒಳಗೊಂಡಿರುವ ‘ಪಿಡಿಎಫ್-ಎ’ ರೂಪದಲ್ಲಿ ಇಡಬೇಕು. ದೀರ್ಘಕಾಲದ ಸಂಗ್ರಹಕ್ಕೆಂದೇ 2005ರಿಂದ ಇರುವ ಅಂತರರಾಷ್ಟ್ರೀಯ ಮಾನಕವದು. ಕಡತಕ್ಕೆ ‘ಸ್ಕ್ಯಾನ್ 001’ ಎಂಬ ಹೆಸರು ಬೇಡ. ಗ್ರಾಮ, ವರ್ಷ, ವಿಷಯ ಇರಲಿ. ಒಂದು ಪ್ರತಿ ಜಿಲ್ಲೆಯ ಹೊರಗಿರಲಿ. ವರ್ಷಕ್ಕೊಮ್ಮೆಯಾದರೂ ಪ್ರತಿಗಳನ್ನು ತೆರೆದು ಪರೀಕ್ಷಿಸಬೇಕು.

ಇನ್ನೊಂದು ಮಾತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ವರ್ಗವಾದಾಗ ನಗದು ಪುಸ್ತಕ, ಚೆಕ್ ಪುಸ್ತಕಗಳನ್ನು ಪಟ್ಟಿ ಮಾಡಿ ಪ್ರಭಾರ ವಹಿಸುತ್ತಾರೆ. ಹಾರ್ಡ್ ಡಿಸ್ಕ್, ಪಾಸ್‌ವರ್ಡ್, ಕಡತಗಳ ಸೂಚಿಯೂ ಅದೇ ಪಟ್ಟಿಯಲ್ಲಿ ಬರಬೇಕು. ಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್ ಒಬ್ಬರ ನೆನಪಿನ ಮೇಲೆ ಊರಿನ ದಾಖಲೆ ನಿಲ್ಲಬಾರದು.

ಕೆಟ್ಟ ಕಂಪ್ಯೂಟರ್‌ಗಳನ್ನು ಗುಜರಿಗೆ ಹರಾಜು ಹಾಕುವ ಮುನ್ನ ಅವುಗಳ ಹಾರ್ಡ್ ಡಿಸ್ಕ್‌ನಲ್ಲಿರುವುದನ್ನು ನಕಲು ಮಾಡಿಕೊಂಡು, ಹಾಗೆ ಮಾಡಿದ್ದಕ್ಕೆ ಪಿಡಿಒ ಸಹಿ ಹಾಕಿದ ಮೇಲೆಯೇ ಹರಾಜಿಗೆ ಅನುಮತಿ ಕೊಡುವಂತೆ ಕೊಪ್ಪಳ ಮತ್ತು ರಾಯಚೂರು ಜಿಲ್ಲಾ ಪಂಚಾಯಿತಿಗಳ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಕೂಡಲೇ ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಪ್ರಥಮ ದರ್ಜೆ ಸಹಾಯಕ, ಗಂಗಾವತಿ, ಕೊಪ್ಪಳ ಜಿಲ್ಲೆ