ಪರೀಕ್ಷೆ ಬರೆಯದೆ ಕಲಿಯೋರಿಗೂ ಅರ್ಧ ಪುಟ ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೇಲಿ ವಾಚಕರೊಬ್ಬರು ಬರೆದಿದ್ರು, ಈಗಿನೋರು ಕೆಲಸಕ್ಕೆ ಬಾರದ್ದೆಲ್ಲ ತಿಳ್ಕೊಳ್ಳೋಕೆ ಹೋಗಿ ಟೈಮ್ ಹಾಳು ಮಾಡ್ಕೋತಾರೆ, ಒಂದು ವಿಷಯ ಹಿಡಿದ್ರೆ ಅದರಲ್ಲೇ ಮುಂದೆ ಬರಬೇಕು ಅಂತ. ಅವರು ಒಳ್ಳೇ ಮನಸ್ಸಿಂದಾನೇ ಬರ್ದಿದಾರೆ, ಆದ್ರೆ ಅದನ್ನ ಓದಿ ನಂಗೆ ಎರಡು ದಿನ ಸಮಾಧಾನ ಇರ್ಲಿಲ್ಲ, ಯಾಕಂದ್ರೆ ಆರು ವರ್ಷದಿಂದ ನಾನು ಮಾಡ್ತಿರೋದೇ ಅದು.

ನಾನು ಹಾಸನ ಜಿಲ್ಲೆಯ ಒಂದು ಊರಲ್ಲಿ ಟೈಲರಿಂಗ್ ಅಂಗಡಿ ಇಟ್ಕೊಂಡಿದೀನಿ, ಬ್ಲೌಸು, ಚೂಡಿದಾರ್, ಸೀರೆ ಫಾಲ್ಸು. ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಆರು ವರ್ಷದ ಹಿಂದೆ ಒಂದು ಏಳು ವರ್ಷದ ಹುಡುಗಿ ಲಂಗದ ಅಳತೆ ಕೊಡೋಕೆ ಅಮ್ಮನ ಜೊತೆ ಬಂದಿತ್ತು, ಮಿಷನ್ ಹತ್ರ ಬಗ್ಗಿ ನೋಡಿ ಕೇಳ್ತು, ಆಂಟಿ, ಕೈಸೂಜಿಗೆ ತೂತು ಮೇಲಿರುತ್ತೆ, ಇದಕ್ಕ್ಯಾಕೆ ಚೂಪಾಗಿರೋ ಕಡೆ ಇದೆ? ನಾನು ಆ ಮಿಷನ್ ಮೇಲೆ ಆಗ್ಲೇ 26 ವರ್ಷ ತುಳಿದಿದ್ದೆ. ದಿನಕ್ಕೆ ಹತ್ತು ಸಲ ಆ ತೂತಿಗೆ ದಾರ ಪೋಣಿಸ್ತೀನಿ. ಯಾಕೆ ಅಂತ ಒಂದು ಸಲಾನೂ ಅನ್ನಿಸಿರ್ಲಿಲ್ಲ.

ಅವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಡಿ ಪ್ಲೇಟ್ ಬಿಚ್ಚಿ, ಟಾರ್ಚ್ ಬಿಟ್ಟು, ಚಕ್ರನ ಕೈಯಲ್ಲೇ ನಿಧಾನಕ್ಕೆ ತಿರುಗಿಸ್ತಾ ಕೂತೆ. ಸೂಜಿ ಬಟ್ಟೆ ತೂರಿ ಕೆಳಗೆ ಬರುತ್ತೆ, ವಾಪಸ್ ಮೇಲೆ ಹೋಗೋಕೆ ಒಂದು ಎಳ್ಳಷ್ಟು ಎದ್ದ ಕೂಡಲೇ ಸೂಜಿ ಕಣ್ಣಿನ, ಅಂದ್ರೆ ಆ ತೂತಿನ ಹತ್ರ ದಾರ ಸಡಿಲ ಆಗಿ ಒಂದು ಪುಟ್ಟ ಕುಣಿಕೆ ಬೀಳುತ್ತೆ, ಅದೇ ಗಳಿಗೇಲಿ ಅಡೀಲಿರೋ ಶಟಲ್ ಕೊಕ್ಕೆ ಬಂದು ಆ ಕುಣಿಕೆನ ಹಿಡ್ಕೊಂಡು, ಅಡಿ ದಾರ ಸುತ್ತಿರೋ ಬಾಬಿನ್ ಸುತ್ತ ಒಂದು ಸುತ್ತು ಹಾಕಿಸುತ್ತೆ, ಅಡಿ ದಾರ ಕುಣಿಕೆ ಒಳಗೆ ಸಿಕ್ಕೊಳ್ಳುತ್ತೆ, ಮೇಲಿರೋ ಕಡ್ಡಿ ದಾರನ ಎಳೆದು ಬಿಗಿ ಮಾಡುತ್ತೆ. ಗಂಟು ಬಟ್ಟೆಯ ಮಧ್ಯದಲ್ಲೇ ಕೂರುತ್ತೆ. ಕಣ್ಣು ಮೇಲಿದ್ದಿದ್ರೆ ಪ್ರತಿ ಹೊಲಿಗೆಗೂ ಇಡೀ ಸೂಜಿನೇ ಬಟ್ಟೆ ದಾಟಿ ಆ ಕಡೆ ಹೋಗಿ ಬರಬೇಕಿತ್ತು! 1846ರಲ್ಲಿ ಎಲಿಯಾಸ್ ಹೋವ್ ಅನ್ನೋ ಅಮೆರಿಕದವನು ಇಂಥ ಸೂಜಿ, ಎರಡು ದಾರ, ಶಟಲ್ ಇರೋ ಮಿಷನ್‌ಗೆ ಪೇಟೆಂಟ್ ತಗೊಂಡ ಅಂತ ಆಮೇಲೆ ಓದಿದೆ, ಆದ್ರೆ ಆ ರಾತ್ರಿ ಟಾರ್ಚ್ ಬೆಳಕಲ್ಲಿ ಕುಣಿಕೆ ಬಿದ್ದಿದ್ದನ್ನ ಕಣ್ಣಾರೆ ಕಂಡಾಗ ಆದ ಖುಷಿ ನಂಗೆ ಮಕ್ಕಳು ಹುಟ್ಟಿದಾಗ ಬಿಟ್ರೆ ಇನ್ಯಾವಾಗಲೂ ಆಗಿಲ್ಲ, ಉತ್ಪ್ರೇಕ್ಷೆ ಅಲ್ಲ.

ಮಾರನೇ ದಿನ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ಇಟ್ಟೆ. ಅಂಗಡಿಗೆ ಬಂದೋರು ತಮಗೆ ಯಾವತ್ತಾದ್ರೂ ತಿಳ್ಕೋಬೇಕು ಅನ್ನಿಸಿದ್ದನ್ನ ಚೀಟಿಲಿ ಬರೆದು ಹಾಕಬಹುದು, ಬರೆಯೋಕೆ ಬರದೋರು ಹೇಳಿದ್ರೆ ನಾನೇ ಬರೀತೀನಿ. ತಿಂಗಳ ಮೊದಲನೇ ತಾರೀಕು ಕಣ್ಣು ಮುಚ್ಚಿ ಒಂದು ಎತ್ತೋದು, ಆ ತಿಂಗಳು ಅದೇ ಪಾಠ. ನಂಗೆ ಇಷ್ಟ ಇಲ್ಲದ್ದು ಬಂದ್ರೂ ಬದಲಾಯಿಸೋ ಹಾಗಿಲ್ಲ. ಇವತ್ತಿಗೆ ನಾಲ್ಕು ನೋಟ್‌ಬುಕ್ ತುಂಬಿದೆ.

ಏನೇನೆಲ್ಲ ಬಂತು ಅಂತೀರಿ! ಒಬ್ಬರು ಕಲ್ಲುಹೂ ಅಂತ ಬರೆದಿದ್ರು ಅಷ್ಟೇ. ಬಿಸಿಬೇಳೆ ಬಾತ್ ಪುಡಿಗೆ ಹುರೀತೀವಲ್ಲ, ಕಪ್ಪು ಬಿಳಿ ಚಕ್ಕೆ, ಅದು. ಅದು ಹೂವೇ ಅಲ್ಲ, ಒಂದು ಗಿಡಾನೂ ಅಲ್ಲ. ಒಂದು ಶಿಲೀಂಧ್ರ ಅಂದ್ರೆ ಅಣಬೆ ಜಾತೀದು, ಇನ್ನೊಂದು ಪಾಚಿ, ಎರಡೂ ಸೇರಿ ಸಂಸಾರ ಮಾಡ್ತಿರೋದು. ಅಣಬೆ ಮನೆ ಕಟ್ಟಿ ನೀರು ಹಿಡಿದಿಡುತ್ತೆ, ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತೆ. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಇದು ಒಂದಲ್ಲ ಎರಡು ಅಂದಾಗ ದೊಡ್ಡ ದೊಡ್ಡ ವಿಜ್ಞಾನಿಗಳೇ ಒಪ್ಪಿರ್ಲಿಲ್ಲವಂತೆ. ಸ್ಕೂಲ್ ಲ್ಯಾಬಲ್ಲಿ ಆಸಿಡ್‌ಗೆ ಅದ್ದಿದ್ರೆ ಕೆಂಪಾಗೋ ಲಿಟ್ಮಸ್ ಪೇಪರ್ ಬಣ್ಣಾನೂ ಇದೇ ಜಾತಿಯಿಂದ ಬಂದಿದ್ದು. ಹೊಗೆ ಜಾಸ್ತಿ ಇರೋ ಕಡೆ ಇವು ಸಾಯ್ತವೆ, ಅದಕ್ಕೇ ನಮ್ಮ ತೋಟದ ತೆಂಗಿನ ಮರದ ಮೇಲೆ ಚಕ್ಕೆ ಚಕ್ಕೆಯಾಗಿ ಇವುಗಳ ಬಳಗ ಇರುತ್ತೆ, ಬಸ್ ಸ್ಟ್ಯಾಂಡ್ ಮರದ ಮೇಲೆ ಇಲ್ಲ. ಹೋಗಿ ನೋಡ್ಕೊಂಡೇ ಬಂದೆ.

ಇನ್ನೊಂದು ಚೀಟಿ ನಮ್ಮ ಮಾವನೋರದ್ದೇ. ಆರಿದ್ರ ಎಲ್ಲೈತೆ ಅಂತ ಬರೆಸಿದ್ರು. ಅವರಿಗೆ ಮಳೆ ನಕ್ಷತ್ರ ಎಲ್ಲ ಬಾಯಿಪಾಠ, ಅಶ್ವಿನಿ ಭರಣಿಯಿಂದ ಶುರು ಮಾಡಿದ್ರೆ ಸ್ವಾತಿವರೆಗೆ ನಿಲ್ಸೋದಿಲ್ಲ, ಭರಣಿ ಮಳೆ ಬಂದ್ರೆ ಧರಣಿ ಎಲ್ಲ ಬೆಳೆ, ಮಘೆ ಮಳೆ ಬಂದಷ್ಟೂ ಒಳ್ಳೇದು ಮನೆ ಮಗ ಉಂಡಷ್ಟೂ ಒಳ್ಳೇದು ಅಂತ ಗಾದೆ ಬೇರೆ. ಅರವತ್ತು ವರ್ಷ ಅದನ್ನೇ ನಂಬಿ ರಾಗಿ ಬಿತ್ತಿದೋರು, ಆದ್ರೆ ಆ ನಕ್ಷತ್ರನ ಆಕಾಶದಲ್ಲಿ ಯಾವತ್ತೂ ನೋಡಿರ್ಲಿಲ್ಲ. ನಾನು ಜೂನ್ ತಿಂಗಳಲ್ಲಿ ಹುಡುಕಿದೆ ಹುಡುಕಿದೆ, ಮೋಡ ಇಲ್ಲದ ರಾತ್ರೀಲೂ ಕಾಣಿಸ್ಲಿಲ್ಲ. ಮೂರು ವಾರ ಆದ ಮೇಲೆ ಗೊತ್ತಾಯ್ತು, ಆರಿದ್ರ ಮಳೆ ಅಂದ್ರೆ ಸೂರ್ಯ ಆ ನಕ್ಷತ್ರದ ಕಡೆ ಇರೋ ದಿನಗಳು, ಜೂನ್ 21, 22ರಿಂದ ಹತ್ರ ಹತ್ರ ಎರಡು ವಾರ. ಆಕಾಶದ ಸುತ್ತನ್ನ 27 ಪಾಲು ಮಾಡಿದಾರೆ, ವರ್ಷಕ್ಕೆ 365 ದಿನ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ ಬರುತ್ತೆ. ಸೂರ್ಯ ಅದರ ಪಕ್ಕದಲ್ಲೇ ಇದ್ರೆ ನಕ್ಷತ್ರ ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತೆ, ಕಾಣೋದು ಹೇಗೆ! ಮಳೆ ಕೊಡೋ ನಕ್ಷತ್ರ ಮಳೆ ಹೊತ್ತಲ್ಲಿ ಕಾಣಿಸೋದೇ ಇಲ್ಲ.

ಜನವರಿವರೆಗೆ ಕಾದೆ. ಸಂಕ್ರಾಂತಿ ಹಿಂದುಮುಂದು ರಾತ್ರಿ ಊಟ ಆದ ಮೇಲೆ ಮಾವನೋರನ್ನ ಕಣದ ಹತ್ರ ಕರ್ಕೊಂಡು ಹೋದೆ. ಮೂರು ಚುಕ್ಕಿ ಒಂದೇ ಸಾಲಲ್ಲಿ ಇರ್ತವಲ್ಲ, ಅದರ ಒಂದು ಮಗ್ಗುಲಿಗೆ ಬೆಳ್ಳಗೆ ಒಂದು, ಇನ್ನೊಂದು ಮಗ್ಗುಲಿಗೆ ಕೆಂಪಗೆ ಒಂದು. ಆ ಕೆಂಪಗಿರೋದೇ ಆರಿದ್ರ ಮಾವ, ಅಂದೆ. ಇಂಗ್ಲಿಷ್‌ನೋರು ಬೀಟಲ್‌ಜ್ಯೂಸ್ ಅಂತಾರೆ, ನಮ್ಮ ಸೂರ್ಯನಿಗಿಂತ ನೂರಾರು ಪಟ್ಟು ಅಗಲ ಇದೆಯಂತೆ. ಮಾವನೋರು ಪಕ್ಕದ ಕಲ್ಲಿನ ಮೇಲೆ ಕೂತ್ಕೊಂಡು ಬಹಳ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಚಪ್ಪಲಿ ಬಿಟ್ಟು ಕೈ ಮುಗಿದ್ರು. ಎರಡು ವರ್ಷ ಆಯ್ತು ಅವರು ಹೋಗಿ. ನಂಗೆ ಇದರಿಂದ ಏನು ಸಿಕ್ತು ಅಂತ ಯಾರಾದ್ರೂ ಕೇಳಿದ್ರೆ ಆ ರಾತ್ರಿ ಸಿಕ್ತು ಅಂತೀನಿ.

ಎಲ್ಲಾ ಚೀಟಿ ಹೀಗೇ ಇರಲ್ಲ ಬಿಡಿ. ಗೇಣು, ಮೊಳ, ಮಾರು ಅನ್ನೋದು ಒಂದು ವಾರಕ್ಕೇ ಮುಗೀತು, ಇಂಚ್ ಟೇಪ್ ಹಿಡಿದು ಮಾರ್ಕೆಟ್‌ಗೆ ಹೋಗಿ ಮೂರು ಹೂವಿನೋರ ಮೊಳ ಅಳೆದು ಬಂದೆ, ಮೂವರದ್ದೂ ಬೇರೆ ಬೇರೆ, ಅವರವರ ಕೈಯಷ್ಟು. ಹದಿನಾರಾಣೆ ನಿಜ ಅಂತ ಯಾಕಂತಾರೆ ಅನ್ನೋದೂ ಅಷ್ಟೇ. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ನೂರು ನಯಾಪೈಸೆ ಆಗೋವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಹಂಗಾಗಿ ಪೂರ್ತಿ ನಿಜ ಅಂದ್ರೆ ಹದಿನಾರಾಣೆ.

ಈಗ ನಾನು ಪತ್ರ ಬರೆದಿದ್ದಕ್ಕೆ ಕಾರಣ ಹೇಳ್ತೀನಿ. ನಮ್ಮಣ್ಣನ ಮಗ ಪಿಡಿಒ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಪರೀಕ್ಷೆಗೆ ಓದ್ತಿದಾನೆ, ನಿಮ್ಮ ಸ್ಪರ್ಧಾತ್ಮಕ ಪರೀಕ್ಷೆ ಪುಟನ ಕತ್ತರಿಸಿ ಕತ್ತರಿಸಿ ಫೈಲ್ ಮಾಡಿಟ್ಟಿದಾನೆ. ಹಲ್ಮಿಡಿ ಶಾಸನ, ಅದೇ ಕನ್ನಡದ ತುಂಬಾ ಹಳೇ ಕಲ್ಲುಬರಹ, ಅಂತ ಚೀಟಿ ಬಂದಾಗ ಅವನನ್ನ ಕೇಳಿದೆ, ಪಟ್ ಅಂತ ಹೇಳ್ದ, ಕ್ರಿ.ಶ. 450, ಬೇಲೂರು ತಾಲ್ಲೂಕು, 1936ರಲ್ಲಿ ಪತ್ತೆ ಮಾಡಿದ್ದು ಎಂ.ಎಚ್. ಕೃಷ್ಣ, ಆಯ್ಕೆ ಬಿ. ಸರಿ, ಅದರಲ್ಲಿ ಏನು ಬರೆದಿದೆ ಅಂದೆ. ಅದು ಸಿಲಬಸ್‌ನಲ್ಲಿ ಇಲ್ಲ ಅತ್ತೆ ಅಂದ. ತಪ್ಪು ಅವನದ್ದಲ್ಲ, ಆ ಹುಡುಗ ರಾತ್ರಿ ಎರಡರವರೆಗೆ ಓದ್ತಾನೆ, ನಾವು ಅವನಿಗೆ ಕಲಿಸಿರೋದೇ ಹಾಗೆ.

ಒಂದು ಭಾನುವಾರ ಇಬ್ರೂ ಬಸ್ ಹತ್ತಿ ಹಲ್ಮಿಡಿಗೆ ಹೋದ್ವಿ. ಅಲ್ಲಿರೋದು ಪ್ರತಿಕೃತಿ, ಮೂಲ ಕಲ್ಲು ಮೈಸೂರಲ್ಲಿ ಪುರಾತತ್ವ ಇಲಾಖೆ ಹತ್ರ ಇದೆ. ಪರವಾಗಿಲ್ಲ, ಅಕ್ಷರ ಅವೇ ಅಲ್ವಾ. 16 ಸಾಲು. ಕದಂಬರ ಕಾಲದ್ದು, ಯುದ್ಧದಲ್ಲಿ ಗೆದ್ದು ಬಂದ ವಿಜ ಅರಸ ಅನ್ನೋನಿಗೆ ಪಲ್ಮಿಡಿ, ಮೂಳಿವಳ್ಳಿ ಅನ್ನೋ ಎರಡು ಹಳ್ಳಿನ ಬಾಳ್ಗಳ್ಚು ಅಂತ ಕೊಟ್ಟಿದ್ದು, ಅಂದ್ರೆ ಕತ್ತಿ ತೊಳೆದು ಕೊಟ್ಟ ದತ್ತಿ. ಬಾಳ್ ಅಂದ್ರೆ ಕತ್ತಿ. ಕಳ್ಚು ಅಂದ್ರೆ ತೊಳಿ. ಇನ್ನೊಂದು ನೋಡಿ, ಪಲ್ಮಿಡಿನೇ ಹಲ್ಮಿಡಿ ಆಗಿದ್ದು, ಹಳಗನ್ನಡದಲ್ಲಿ ಪ ಇದ್ದ ಕಡೆ ಎಷ್ಟೋ ಮಾತಲ್ಲಿ ಈಗ ಹ ಬಂದಿದೆ, ಪಾಲು ಹಾಲಾಯ್ತು, ಪೂ ಹೂವಾಯ್ತು, ಪಾವು ಹಾವಾಯ್ತು, ಪೆಸರು ಹೆಸರಾಯ್ತು. ಇದನ್ನ ಹೇಳಿದಾಗ ನನ್ನ ಸೋದರಳಿಯ ವಾಪಸ್ ಬರೋವಾಗ ಬಸ್ಸಲ್ಲಿ ಹಾಸನದವರೆಗೂ ಬೋರ್ಡ್ ಓದ್ಕೊಂಡು ಹ ಇದ್ದ ಕಡೆ ಪ ಹಾಕ್ಕೊಂಡು ಬಂದ, ಹಳ್ಳಿ ಪಳ್ಳಿ, ಹೊಸ ಪೊಸ. ಕ್ರಿ.ಶ. 450 ಅಂತ ಟಿಕ್ ಹಾಕೋವಾಗ ಅವನ ಮುಖದಲ್ಲಿ ಇಲ್ಲದ ಬೆಳಕು ಅವತ್ತಿತ್ತು, ನಾನು ಅತ್ತೆಯಾಗಿ ನೋಡಿದೀನಿ.

ಅದಕ್ಕೇ ಕೇಳ್ತಿರೋದು. ಪರೀಕ್ಷೆ ಬರೆಯೋರಿಗೆ ವಾರಕ್ಕೆ ಇಷ್ಟು ಪುಟ ಕೊಡ್ತೀರಿ, ಕೊಡಿ, ಬೇಕು. ಪರೀಕ್ಷೆ ಬರೆಯದೋರಿಗೂ ವಾರಕ್ಕೆ ಅರ್ಧ ಪುಟ ಕೊಡಿ. ಓದುಗರು ಕೇಳಿದ ಪ್ರಶ್ನೆ, ಅದು ಏನಾದ್ರೂ ಆಗಿರ್ಲಿ, ಗೊತ್ತಿರೋರ ಹತ್ರ ಉತ್ತರ ಬರೆಸಿ. ಬರೆಸೋವಾಗ ದಯವಿಟ್ಟು ಎದುರಿಗೆ ಕೂತೋರಿಗೆ ಹೇಳೋ ಹಾಗೆ ಬರೆಸಿ. ದ್ಯುತಿಸಂಶ್ಲೇಷಣೆ ಅನ್ನೋ ಮಾತು ನಾನು ಎಸ್‌ಎಸ್‌ಎಲ್‌ಸೀಲಿ ಉರು ಹೊಡೆದು ಮಾರ್ಕ್ಸ್ ತಗೊಂಡಿದ್ದೆ, ಅದು ಎಲೆ ಬಿಸಿಲಲ್ಲಿ ಅಡುಗೆ ಮಾಡೋದು ಅಂತ ಅರ್ಥ ಆಗಿದ್ದು ಮೊನ್ನೆ ಮೊನ್ನೆ, ಕಲ್ಲುಹೂ ಓದೋವಾಗ.

ನೆಟ್‌ನಲ್ಲಿ ಎಲ್ಲಾ ಸಿಗುತ್ತಲ್ಲ ಅಂತೀರೇನೋ. ಇಂಗ್ಲಿಷ್ ಬಂದೋರಿಗೆ ಸಿಗುತ್ತೆ. ಥೈರಾಯ್ಡ್ ಅಂತ ಚೀಟಿ ಬಂದಾಗ ಕನ್ನಡದಲ್ಲಿ ಹುಡುಕಿದ್ರೆ ನಂಗೆ ಮೊದಲು ಬಂದಿದ್ದೆಲ್ಲ ಈ ಎಲೆ ತಿನ್ನಿ ಹತ್ತು ದಿನದಲ್ಲಿ ಮಾಯ ಅನ್ನೋ ವಿಡಿಯೋಗಳೇ. ಕೊನೆಗೆ ಒಬ್ಬ ಡಾಕ್ಟ್ರಮ್ಮ ಬ್ಲೌಸ್ ಹೊಲಿಸೋಕೆ ಬಂದಾಗ ಅವರನ್ನೇ ಕೂರಿಸಿಕೊಂಡು ಕೇಳಿದೆ. ಕತ್ತಲ್ಲಿ ಚಿಟ್ಟೆ ಆಕಾರದ ಗ್ರಂಥಿ, ಅದಕ್ಕೆ ಅಯೋಡಿನ್ ಬೇಕು, ಅದಕ್ಕೇ ಉಪ್ಪಿಗೆ ಅಯೋಡಿನ್ ಹಾಕೋದು, ಮಾತ್ರೆನ ಖಾಲಿ ಹೊಟ್ಟೇಲಿ ನೀರಲ್ಲೇ ನುಂಗಬೇಕು, ಕಾಫಿ ಜೊತೆ ಆದ್ರೆ ಸರಿಯಾಗಿ ಹಿಡಿಯಲ್ಲ ಅಂತ ಹತ್ತು ನಿಮಿಷದಲ್ಲಿ ಹೇಳಿದ್ರು. ಚೀಟಿ ಹಾಕಿದ್ದ ನಮ್ಮ ಬೀದಿಯ ಅಕ್ಕ ನಾಲ್ಕು ವರ್ಷದಿಂದ ಕಾಫಿ ಜೊತೇನೇ ನುಂಗ್ತಿದ್ರು. ಇದು ಕೆಲಸಕ್ಕೆ ಬಾರದ ವಿಷಯಾನಾ?

ಇನ್ನೊಂದು ಮಾತು, ಇದು ನಿಮ್ಮ ಕೈಲಿಲ್ಲ, ಆದ್ರೂ ನೀವು ಬರೆದ್ರೆ ಕೇಳೋರಿದಾರೆ. ನಾವು ಆಸ್ತಿ ತೆರಿಗೆ ಕಟ್ಟೋವಾಗ ಅದರ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಅಂತ ಕಟ್ತೀವಿ, ಬಹಳ ಜನಕ್ಕೆ ಇದು ಗೊತ್ತೇ ಇಲ್ಲ, ನಂಗೂ ಲೈಬ್ರರಿ ಅನ್ನೋ ಚೀಟಿ ಬಂದ ಮೇಲೇ ಗೊತ್ತಾಗಿದ್ದು. ನಮ್ಮೂರ ಲೈಬ್ರರೀಲಿ ಒಳ್ಳೇ ಪುಸ್ತಕ ಇವೆ, ವಿಶ್ವಕೋಶದ ಸಂಪುಟಗಳೂ ಇವೆ, ಆದ್ರೆ ಬೀರುಗೆ ಬೀಗ. ಕೀಲಿ ಇರೋರು ಇವತ್ತು ಬಂದಿಲ್ಲ ಅಂತಾರೆ. ನಾನು ಅಂಗಡಿ ಮುಚ್ಚಿ ಹೋಗೋ ಹೊತ್ತಿಗೆ ಬಾಗಿಲಿಗೇ ಬೀಗ. ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು, ಗ್ಯಾರೇಜ್ ಹುಡುಗರು, ಹೋಟೆಲ್‌ನೋರು ಯಾರಿಗೂ ಆ ಹೊತ್ತಲ್ಲಿ ಪುರಸೊತ್ತಿಲ್ಲ. ರಾತ್ರಿ ಒಂಬತ್ತೂವರೆವರೆಗೆ ವಾರದಲ್ಲಿ ಎರಡೇ ದಿನ ತೆಗೆದಿಟ್ರೂ ಸಾಕು, ಬೀರು ಕೀಲಿ ಅಲ್ಲೇ ಇರ್ಲಿ.

ಸೂಜಿ ಪ್ರಶ್ನೆ ಕೇಳಿದ ಹುಡುಗಿ ಈಗ ಎಂಟನೇ ಕ್ಲಾಸು. ಈ ತಿಂಗಳ ಚೀಟಿ ಅವಳದ್ದೇ ಬಂದಿದೆ, ಅತ್ತಿ ಮರ ಹೂವೇ ಬಿಡದೆ ಹಣ್ಣು ಹೇಗೆ ಬಿಡುತ್ತೆ ಅಂತ. ಹೂವು ಕಾಯಿ ಒಳಗೇ ಇರೋದು, ಸಾವಿರಗಟ್ಟಲೆ, ಒಂದು ಸಣ್ಣ ಕಣಜ ತುದಿಯ ಕಿಂಡಿಲಿ ನುಗ್ಗೋವಾಗ ಅದರ ರೆಕ್ಕೆನೇ ಕಿತ್ತು ಹೋಗುತ್ತೆ, ಒಳಗೆ ಪರಾಗ ಮುಟ್ಟಿಸಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ, ಅದರ ಮಕ್ಕಳು ಪರಾಗ ಹೊತ್ಕೊಂಡು ಇನ್ನೊಂದು ಮರಕ್ಕೆ ಹೋಗ್ತವೆ. ಇಷ್ಟು ಓದಿದೀನಿ. ಭಾನುವಾರ ಇಬ್ರೂ ಕೆರೆ ಏರಿ ಹತ್ರ ಇರೋ ಅತ್ತಿ ಮರದ ಕಾಯಿ ಕೊಯ್ದು, ನನ್ನ ಚಿಕ್ಕ ಕತ್ತರೀಲಿ ಸೀಳಿ ನೋಡೋದು ಅಂತ ಮಾತಾಗಿದೆ.

ಪತ್ರ ಉದ್ದ ಆಯ್ತು, ಜಾಗ ಇಲ್ಲ ಅಂದ್ರೆ ಕತ್ತರಿಸಿ, ನನ್ನ ಮಿಷನ್ ಕಥೆ ಬೇಕಾದ್ರೂ ತೆಗೀರಿ. ಲೈಬ್ರರಿ ಬೀಗದ ವಿಷಯ ಮಾತ್ರ ಕತ್ತರಿಸಬೇಡಿ.

ಇಂತಿ,
ಒಬ್ಬ ಟೈಲರ್, ಹಾಸನ ಜಿಲ್ಲೆ