ಬಿಎನ್‌ಐಪಿ3: ತಡೆದರೆ ಸಾಕೆ?

ಮಾನ್ಯ ಸಂಪಾದಕರಿಗೆ,

ಆಮ್ಲಜನಕದ ಕೊರತೆಯಲ್ಲಿ ಜೀವಕೋಶವನ್ನು ಸಾಯಿಸುವ ಪ್ರೋಟೀನನ್ನು ತಡೆದುಬಿಟ್ಟರೆ ಹೃದಯಾಘಾತದ ಹಾನಿ ತಪ್ಪುತ್ತದೆ ಎಂಬ ಧಾಟಿಯ ವಿಜ್ಞಾನ ಬರಹಗಳು ಆಗಾಗ ಪ್ರಕಟವಾಗುತ್ತವೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಬಿಎನ್‌ಐಪಿ3 ಎಂಬ ಪ್ರೋಟೀನಿನ ಮಟ್ಟಿಗಂತೂ ಈ ಮಾತು ಪೂರ್ತಿ ಒಪ್ಪುವಂಥದ್ದಲ್ಲ.

ರಕ್ತದ ಪೂರೈಕೆ ನಿಂತ ತಕ್ಷಣ ಜೀವಕೋಶ ಸಾಯುವುದಿಲ್ಲ. ಆಮ್ಲಜನಕ ಇಳಿದಾಗ ಕೋಶದಲ್ಲಿ ಎಚ್‌ಐಎಫ್-1 ಎಂಬ ನಿಯಂತ್ರಕ ಪ್ರೋಟೀನ್ ನಾಶವಾಗದೆ ಉಳಿದು, ಹಲವು ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ವಿಜ್ಞಾನಿ ಗ್ರೆಗ್ ಸೆಮೆಂಜಾ ಮತ್ತಿತರ ಇಬ್ಬರಿಗೆ 2019ರ ನೊಬೆಲ್ ಸಂದದ್ದು ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ. ಹಾಗೆ ಚುರುಕುಗೊಳ್ಳುವ ಜೀನ್‌ಗಳಲ್ಲಿ ಬಿಎನ್‌ಐಪಿ3ಯದೂ ಒಂದೆಂದು 2000ದಲ್ಲೇ ವರದಿಯಾಯಿತು. ಅಡಿನೋವೈರಸ್ಸಿನ ಪ್ರೋಟೀನೊಂದಕ್ಕೆ ಅಂಟಿಕೊಳ್ಳುತ್ತದೆಂಬ ಕಾರಣಕ್ಕೆ 1994ರಲ್ಲಿ ಕಣ್ಣಿಗೆ ಬಿದ್ದಿದ್ದ ಅಣು ಹೀಗೆ ಹೃದ್ರೋಗ ಸಂಶೋಧನೆಗೆ ಬಂದು ಸೇರಿತು.

ಇದು ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ನೆಲೆಸುತ್ತದೆ. ಆದರೆ ನೆಲೆಸಿದ ಮಾತ್ರಕ್ಕೆ ಸಾವು ಖಚಿತವಲ್ಲ. ಹೃದಯ ಸ್ನಾಯುವಿನ ಕೋಶಗಳ ಮೇಲಿನ 2002ರ ಪ್ರಯೋಗಗಳಲ್ಲಿ, ಆಮ್ಲಜನಕದ ಕೊರತೆಯಿಂದ ಈ ಪ್ರೋಟೀನ್ ಶೇಖರವಾದರೂ, ಜೊತೆಗೆ ಆಮ್ಲೀಯತೆಯೂ ಏರಿದಾಗಲೇ ಅದು ಪೊರೆಗೆ ಬಿಗಿಯಾಗಿ ಕಚ್ಚಿಕೊಂಡು ಕೋಶವನ್ನು ಸಾವಿನತ್ತ ನೂಕಿತು. ಇನ್ನೊಂದೆಡೆ, ಸೆಮೆಂಜಾ ತಂಡ 2008ರಲ್ಲಿ ತೋರಿಸಿದಂತೆ, ಆಮ್ಲಜನಕ ದೀರ್ಘಕಾಲ ಕಡಿಮೆಯಿದ್ದಾಗ ಮೈಟೊಕಾಂಡ್ರಿಯಗಳನ್ನು ಕೋಶವೇ ಜೀರ್ಣಿಸಿ ಕಡಿಮೆ ಮಾಡಿಕೊಳ್ಳಲು ಇದೇ ಬಿಎನ್‌ಐಪಿ3 ಬೇಕು. ಈ ಕೆಲಸ ನಡೆಯದಿದ್ದರೆ ಹಾನಿಕಾರಕ ಆಮ್ಲಜನಕ ಸಂಯುಕ್ತಗಳು ಹೆಚ್ಚಿ ಕೋಶ ಸಾಯುತ್ತದೆ. ಅಂದರೆ ಕೊಲ್ಲುವುದೂ ಇದೇ, ಉಳಿಸುವುದೂ ಇದೇ.

ಈ ಜೀನ್ ಇಲ್ಲದ ಇಲಿಗಳ ಹೃದಯದಲ್ಲಿ ರಕ್ತ ತಡೆದು ಮತ್ತೆ ಹರಿಸಿದಾಗ ಕೋಶಗಳ ಸಾವು ಕಡಿಮೆಯಾಗಿದ್ದು ನಿಜ, ಅದು ಭರವಸೆಯ ಫಲಿತಾಂಶವೇ. ಆದರೆ ಮೇದೋಜ್ಜೀರಕ ಗ್ರಂಥಿಯ ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಇದೇ ಜೀನ್ ಕೆಲಸ ಮಾಡದಂತೆ ಮುಚ್ಚಿಹೋಗಿರುತ್ತದೆ, ಆಮ್ಲಜನಕ ವಿರಳವಾದ ಗಡ್ಡೆಯೊಳಗೂ ಅವು ಸಾಯದೆ ಉಳಿಯಲು ಹೀಗೆ ಮುಚ್ಚಿರುವುದೇ ನೆರವಾಗುತ್ತದೆಂದು ಸಂಶೋಧಕರು ಭಾವಿಸುತ್ತಾರೆ. ದೇಹವಿಡೀ ಹರಡುವ ಔಷಧಿಯಿಂದ ಬಿಎನ್‌ಐಪಿ3ಯನ್ನು ಅಡಗಿಸಲು ಹೊರಡುವವರು ಈ ಅಪಾಯಕ್ಕೆ ಉತ್ತರ ಹೇಳಬೇಕಾಗುತ್ತದೆ.

ಆದ್ದರಿಂದ ಇಂಥ ಸುದ್ದಿ ಪ್ರಕಟಿಸುವಾಗ, ಪ್ರಯೋಗ ನಡೆದದ್ದು ತಟ್ಟೆಯಲ್ಲಿ ಬೆಳೆಸಿದ ಕೋಶದಲ್ಲೋ ಇಲಿಯಲ್ಲೋ ಮನುಷ್ಯರಲ್ಲೋ, ಯಾವ ಅಂಗದ ಕೋಶದಲ್ಲಿ, ಆಮ್ಲಜನಕವನ್ನು ಎಷ್ಟು ಹೊತ್ತು ತಗ್ಗಿಸಿ ಎಂಬುದನ್ನು ಮೊದಲ ಪ್ಯಾರಾದಲ್ಲೇ ತಿಳಿಸಬೇಕೆಂದು ಕೋರುತ್ತೇನೆ.

– ಜೀವರಸಾಯನಶಾಸ್ತ್ರ ಉಪನ್ಯಾಸಕಿ, ಮೈಸೂರು