ರಸ್ತೆ ಎತ್ತರಿಸುವ ಆದೇಶಕ್ಕೆ ಮುನ್ನ: ಲೋಕೋಪಯೋಗಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನೆರೆ ಇಳಿದ ಕೂಡಲೇ, ಕೊಚ್ಚಿಹೋದ ರಸ್ತೆಯನ್ನು ಇನ್ನಷ್ಟು ಎತ್ತರಿಸಿ ಎಂಬ ಒತ್ತಡ ತಮ್ಮ ಮೇಲೆ ಬೀಳುತ್ತದೆ. ಜನರ ಸಂಕಟ ನಿಜ. ಆದರೆ ನದಿಬಯಲಿಗೆ ಅಡ್ಡಲಾಗಿ ಎತ್ತರಿಸಿದ ರಸ್ತೆ ಎಂದರೆ ನೀರಿಗೆ ಹಾಕಿದ ಒಡ್ಡು. ಎತ್ತರದ ಲೆಕ್ಕಕ್ಕೆ ಮೊದಲು, ರಸ್ತೆಯಡಿ ನೀರು ದಾಟಲು ಬಿಡುವ ಕಿಂಡಿಗಳ ಲೆಕ್ಕ ಆಗಲಿ ಎಂಬುದು ನಮ್ಮ ಕೋರಿಕೆ.

ನೆರೆನೀರು ನದಿಪಾತ್ರದಲ್ಲಷ್ಟೇ ಹರಿಯುವುದಿಲ್ಲ. ದಡ ಮೀರಿ ಹಳೆಯ ಪಾತ್ರಗಳಲ್ಲಿ, ತಗ್ಗುಗಳಲ್ಲಿ ಹಂಚಿಕೊಂಡು ಸಾಗುತ್ತದೆ. ಅಷ್ಟನ್ನೂ ಒಂದೇ ಸೇತುವೆಯಡಿ ತೂರಿಸಿದರೆ ಮೇಲ್ಬದಿಯ ಹೊಲ, ಮನೆಗಳಿಗೆ ನೀರು ನುಗ್ಗುತ್ತದೆ. ಹರಿವೂ ಆಳವೂ ಅಷ್ಟೇ ಇದ್ದು ಕಿಂಡಿಯ ಅಗಲ ಅರ್ಧವಾದರೆ ವೇಗ ಎರಡು ಪಟ್ಟಾಗುತ್ತದೆ. ಆ ಸೆಳವಿಗೆ ಕದಲದೆ ನಿಲ್ಲಬೇಕಾದ ಕಲ್ಲಿನ ತೂಕ ವೇಗದ ಆರನೇ ಘಾತದಂತೆ ಏರುವುದರಿಂದ, 64 ಪಟ್ಟು ಭಾರದ ಕಲ್ಲು ಬೇಕು! ಕಂಬದ ಬುಡದ ಮಣ್ಣೂ ಸೇತುವೆಗೆ ಸೇರುವ ಏರಿಯೂ ಮೊದಲು ಹೋಗುವುದು ಇದಕ್ಕೇ. ಹಾಗಾಗಿ ಪ್ರತಿ ತಗ್ಗಿಗೂ ಅದರದೇ ಮೋರಿ ಕೊಡಿ. ಕೊಳವೆ ಮೋರಿಯ ವ್ಯಾಸ 1 ಮೀಟರಿಗಿಂತ ಕಡಿಮೆ ಬೇಡ. ಆಳು ಒಳಹೊಕ್ಕು ಹೂಳು ತೆಗೆಯಲಾಗದ ಮೋರಿ ಇದ್ದೂ ಇಲ್ಲದಂತೆ.

ಎಲ್ಲ ನೆರೆಯನ್ನೂ ಮೀರುವಷ್ಟು ಎತ್ತರಿಸಲು ಸಾಧ್ಯವಿಲ್ಲ. ನೀರು ರಸ್ತೆಯ ಮೇಲೆ ಹರಿದಾಗ ಸಾಮಾನ್ಯವಾಗಿ ಏರಿ ಒಡೆಯತೊಡಗುವುದು ನೀರು ಬಂದ ಬದಿಯಲ್ಲಲ್ಲ, ಧುಮುಕುವ ಬದಿಯಲ್ಲಿ. ಅಲ್ಲಿ ಬುಡ ಕೊರೆದು, ಅಂಚು ಕುಸಿದು, ಡಾಂಬರಿನಡಿ ಟೊಳ್ಳಾಗುತ್ತದೆ. ಆದ್ದರಿಂದ ನೀರು ದಾಟುವ ಜಾಗವನ್ನು ನಾವೇ ಆರಿಸಿ, ಅಷ್ಟು ಉದ್ದವನ್ನು ಬೇಕೆಂದೇ ತಗ್ಗಾಗಿ ಬಿಡಬೇಕು. ಅಲ್ಲಿ ಕಾಂಕ್ರೀಟ್ ರಸ್ತೆ, ಎರಡೂ ಅಂಚಿನಲ್ಲಿ ನೆಲದೊಳಕ್ಕೆ ಇಳಿದ ಗೋಡೆ, ಕೆಳಬದಿಯಲ್ಲಿ ತಂತಿಬಲೆಯ ಕಲ್ಲುಹಾಸು, ನೀರಿನ ಆಳ ತೋರುವ ಕಂಬ ಇರಲಿ. ಕಲ್ಲುಹಾಸಿನಡಿ ಮರಳು-ಜಲ್ಲಿಯ ಸೋಸುಪದರವೋ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯೋ ಕಡ್ಡಾಯ. ವೆಚ್ಚ ಕಡಿತದ ಹೆಸರಿನಲ್ಲಿ ಮೊದಲು ಕೈಬಿಡುವುದು ಇದನ್ನೇ. ಇದಿಲ್ಲದಿದ್ದರೆ ಸಂದುಗಳಿಂದ ನುಣ್ಣನೆಯ ಮಣ್ಣು ಸೋರಿ, ಕಲ್ಲು ಕುಸಿಯುತ್ತದೆ.

ನೀರು ಇಳಿದ ಮೇಲೂ ಅಪಾಯ ಮುಗಿಯದು. ನದಿ ಬೇಗ ಇಳಿದರೂ ಏರಿಯೊಳಗಿನ ನೀರು ಅಷ್ಟು ಬೇಗ ಬಸಿಯುವುದಿಲ್ಲ. ಹೊರಗಿನ ಆಸರೆ ತಪ್ಪಿದ ನೆನೆದ ಮಣ್ಣು ಜಾರುತ್ತದೆ. ಏರಿಯ ಬದಿಗೆ 1 ಮೀಟರ್ ಎತ್ತರಕ್ಕೆ ಅಡ್ಡಲಾಗಿ ಕನಿಷ್ಠ 2 ಮೀಟರ್, ಮಣ್ಣು ಸಡಿಲವಾದರೆ 3 ಮೀಟರ್ ಇಳಿಜಾರು ಬಿಡಬೇಕು. ಮಣ್ಣು ಬಸಿಯುವವರೆಗೆ ಲಾರಿಗಳನ್ನು ತಡೆಯಬೇಕು. ಏರಿಯ ಬುಡದಲ್ಲೇ ಮಣ್ಣು ತೋಡಲು ಗುತ್ತಿಗೆದಾರರಿಗೆ ಬಿಡಬೇಡಿ. ಆ ಗುಂಡಿಗಳ ಸಾಲು ನೆರೆಯಲ್ಲಿ ಕಾಲುವೆಯಾಗಿ ಬುಡವನ್ನೇ ಕೊರೆಯುತ್ತದೆ.

ದುರಸ್ತಿ ಟೆಂಡರಿಗೆ ಸಹಿ ಹಾಕುವ ಮುನ್ನ ಪ್ರತಿ ಒಡಕಿನ ಅಗಲ, ಆಳ, ರಸ್ತೆಯ ಎರಡೂ ಬದಿಯ ನೆರೆಮಟ್ಟ ಅಳೆದು ಕಡತಕ್ಕೆ ಸೇರಿಸಲು ಆದೇಶಿಸಿ. ಒಡೆದ ಜಾಗಕ್ಕೆ ಮಣ್ಣು ತುಂಬುವ ಬದಲು ಅಲ್ಲಿ ಕಿಂಡಿ ಬೇಕೇ ಎಂದು ಆ ಅಂಕಿಗಳಿಂದ ತೀರ್ಮಾನಿಸಬಹುದು. ಗೋಡೆ, ಮರಗಳ ಮೇಲಿನ ಕೆಸರಿನ ಗುರುತು ಮುಂದಿನ ಮಳೆಗೆ ತೊಳೆದುಹೋಗುತ್ತದೆ. ಅಳತೆ ಈ ವಾರವೇ ಶುರುವಾಗಲಿ.

ಇಂತಿ,
ನದಿಬಯಲಿನ ರಸ್ತೆ ಕಾಮಗಾರಿ ಬಲ್ಲ ಎಂಜಿನಿಯರುಗಳು